ಮೇಣದ ಕ್ಯಾನ್ವಾಸ್ ಚೀಲ ಮತ್ತು ಮುಂಬಯಿ ಮಳೆ

ಕೇಳುಗರಿಗೆ ನಮಸ್ಕಾರ.

ಮುಂಬಯಿಯಲ್ಲಿ ದುಡಿಯುವವರ ಹೆಗಲಿಗೆ ಚೀಲ ತಪ್ಪಿದ್ದಲ್ಲ. ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ಲೋಕಲ್ ಹತ್ತಿದ ಕೂಡಲೇ ಅದು ಬೆನ್ನಿನಿಂದ ಎದೆಗೆ ಬರುತ್ತದೆ, ಜನರ ನಡುವೆ ಜಜ್ಜಿಸಿಕೊಳ್ಳುತ್ತದೆ. ಊಟದ ಡಬ್ಬಿ, ನೀರಿನ ಬಾಟಲಿ, ಒದ್ದೆ ಕೊಡೆ, ಲ್ಯಾಪ್‌ಟಾಪ್ ಎಲ್ಲವನ್ನೂ ಹೊರುತ್ತದೆ. ಆದರೂ ಅಂಗಡಿಯಲ್ಲಿ ನಾವು ನೋಡುವುದು ಅದರ ಬಣ್ಣ, ಎಣಿಸುವುದು ಜೇಬು. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಒಳಪದರ ಜಿಗುಟಾಗುತ್ತದೆ, ಆಮೇಲೆ ಹೊಟ್ಟಿನಂತೆ ಉದುರಿ ಪುಸ್ತಕಕ್ಕೂ ಬಟ್ಟೆಗೂ ಅಂಟುತ್ತದೆ.

ಇದಕ್ಕೆ ಕಾರಣವಿದೆ. ನೈಲಾನ್, ಪಾಲಿಯೆಸ್ಟರ್ ಚೀಲಗಳಲ್ಲಿ ನೀರು ತಡೆಯಲೆಂದು ಬಟ್ಟೆಯ ಒಳಮೈಗೆ ಸಾಮಾನ್ಯವಾಗಿ ಪಾಲಿಯುರಿಥೇನ್ ಲೇಪಿಸಿರುತ್ತಾರೆ. ಗಾಳಿಯ ತೇವ ಮತ್ತು ಸೆಕೆ ಸೇರಿದರೆ ಆ ಲೇಪದ ರಾಸಾಯನಿಕ ಬಂಧಗಳೇ ಕಳಚಿಕೊಳ್ಳುತ್ತವೆ. ಚೀಲವನ್ನು ಬಳಸದೆ ಕಪಾಟಿನಲ್ಲಿಟ್ಟರೂ ಇದು ನಡೆಯುತ್ತಲೇ ಇರುತ್ತದೆ. ಒಮ್ಮೆ ಶುರುವಾದರೆ ಮನೆಯಲ್ಲಿ ಸರಿಪಡಿಸುವ ದಾರಿಯಿಲ್ಲ. ವರ್ಷದ ನಾಲ್ಕು ತಿಂಗಳು ಗೋಡೆಯೇ ಬೆವರುವ ಈ ಕಡಲೂರಿನಲ್ಲಿ ಅಂಥ ಲೇಪಕ್ಕೆ ಆಯುಸ್ಸು ಕಡಿಮೆ. ಅದಕ್ಕೇ ಮೇಣ ಹಚ್ಚಿದ ಕ್ಯಾನ್ವಾಸ್ ಚೀಲದ ಪರವಾಗಿ ಇವತ್ತು ಮಾತಾಡುತ್ತಿದ್ದೇನೆ. ಅದರ ಮೇಣವೂ ಸವೆಯುತ್ತದೆ, ನಿಜ. ಆದರೆ ಸವೆದ ಮೇಣವನ್ನು ನಾವೇ ಮತ್ತೆ ಹಚ್ಚಬಹುದು.

ಈ ಬಟ್ಟೆ ಹುಟ್ಟಿದ್ದು ಹಾಯಿಹಡಗಿನ ಮೇಲೆ. ಹತ್ತಿಯ ಹಾಯಿಬಟ್ಟೆ ನೀರು ಕುಡಿದು ಭಾರವಾಗಬಾರದೆಂದು ಸ್ಕಾಟ್ಲೆಂಡಿನ ನಾವಿಕರು ಅದಕ್ಕೆ ಅಗಸೆ ಎಣ್ಣೆ ಉಣಿಸುತ್ತಿದ್ದರು. ನಮ್ಮ ಧಾರವಾಡ, ಬಿಜಾಪುರದ ಕಡೆಯವರಿಗೆ ಅಗಸೆ ಎಂದರೆ ಮೊದಲು ಚಟ್ನಿಪುಡಿಯೇ ನೆನಪಾದೀತು, ಅದೇ ಅಗಸೆ. ಆ ಎಣ್ಣೆ ಬಟ್ಟೆ ಚಳಿಗೆ ಸೆಟೆದುಕೊಳ್ಳುತ್ತಿತ್ತು, ಕಾಲ ಕಳೆದಂತೆ ಹಳದಿಯಾಗುತ್ತಿತ್ತು. 1930ರ ದಶಕದ ಹೊತ್ತಿಗೆ ಪ್ಯಾರಾಫಿನ್ ಮೇಣ ಉಣಿಸಿದ ಹತ್ತಿಬಟ್ಟೆ ಅದರ ಜಾಗಕ್ಕೆ ಬಂತು. ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ: ಮೇಣ ಸಿಗಲಿಲ್ಲವೆಂದು ಮನೆಯಲ್ಲಿ ಅಗಸೆ ಎಣ್ಣೆ ಸವರಲು ಹೋಗಬೇಡಿ. ಆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಎಣ್ಣೆಯಲ್ಲಿ ತೋಯ್ದ ಅರಿವೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು.

ಇನ್ನು ಕೊಳ್ಳುವ ಮಾತು. ಕ್ಯಾನ್ವಾಸಿನ ದಪ್ಪವನ್ನು ತೂಕದಲ್ಲಿ ಹೇಳುತ್ತಾರೆ. ವಿದೇಶಿ ಕಂಪನಿಗಳು ಚದರ ಗಜಕ್ಕೆ ಇಷ್ಟು ಔನ್ಸ್ ಎಂದರೆ, ನಮ್ಮ ವರ್ತಕರು ಜಿ.ಎಸ್.ಎಂ. ಎನ್ನುತ್ತಾರೆ, ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕ. ಒಂದು ಔನ್ಸಿಗೆ ಸುಮಾರು 34 ಜಿ.ಎಸ್.ಎಂ. ಹಿಡಿಯಿರಿ. ದಿನವೂ ಲ್ಯಾಪ್‌ಟಾಪ್ ಹೊರುವ ಚೀಲಕ್ಕೆ 14ರಿಂದ 18 ಔನ್ಸ್, ಎಂದರೆ ಸರಿಸುಮಾರು 475ರಿಂದ 610 ಜಿ.ಎಸ್.ಎಂ. ಬಟ್ಟೆ ಬೇಕು ಎಂಬುದು ನನ್ನ ಅಭಿಪ್ರಾಯ. 10 ಔನ್ಸಿನದು ಕೈಚೀಲಕ್ಕೆ ಸಾಕು, ಬೆನ್ನಿಗೆ ಸಾಲದು. ಅಂಗಡಿಯವರಿಗೆ ತೂಕ ಗೊತ್ತಿಲ್ಲದಿದ್ದರೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಹಾಸು ಹೊಕ್ಕು ಒತ್ತಾಗಿದ್ದರೆ ಬೆಳಕಿನ ಚುಕ್ಕಿಗಳು ತೂರಿ ಬರುವುದಿಲ್ಲ. ಮೇಣ ನಿಜವಾದದ್ದೇ ಎಂದು ತಿಳಿಯಲು ಉಗುರಿನಿಂದ ಒಂದು ಗೀರು ಎಳೆಯಿರಿ. ಮಾಸಲು ಬಿಳಿ ಗೆರೆ ಮೂಡಬೇಕು, ಅಂಗೈ ಬಿಸಿಗೆ ಉಜ್ಜಿದರೆ ಅದು ಮಂಕಾಗಬೇಕು. ಮೇಣದ ಬಟ್ಟೆಯಂತೆ ಕಾಣಲೆಂದು ಬರೀ ಬಣ್ಣ ಹಾಕಿದ ಬಟ್ಟೆಯಲ್ಲಿ ಹೀಗಾಗದು.

ಬಟ್ಟೆಗಿಂತ ಹೊಲಿಗೆಯನ್ನು ಹೆಚ್ಚು ಹೊತ್ತು ನೋಡಿ. ಚೀಲಗಳು ಬಟ್ಟೆ ಹರಿದು ಸಾಯುವುದು ಅಪರೂಪ, ಹೆಗಲಪಟ್ಟಿ ಕಿತ್ತು ಬರುವುದೇ ಹೆಚ್ಚು. ಪಟ್ಟಿ ಚೀಲಕ್ಕೆ ಸೇರುವಲ್ಲಿ ಚೌಕ ಹಾಕಿ, ಅದರೊಳಗೆ ಅಡ್ಡಗೆರೆಗಳ ಗುಣಾಕಾರದ ಗುರುತಿನಂತೆ ಹೊಲಿದಿರಬೇಕು. ನೂಲು ಪಾಲಿಯೆಸ್ಟರ್ ಅಥವಾ ನೈಲಾನಿನದಾಗಿರಲಿ, ಹತ್ತಿಯ ನೂಲು ತೇವದಲ್ಲಿ ಕೊಳೆಯುತ್ತದೆ. ತಳಕ್ಕೆ ಎರಡು ಪದರ ಇರಬೇಕು, ಏಕೆಂದರೆ ಈ ಊರಿನಲ್ಲಿ ಚೀಲ ಇಳಿಸುವುದು ಪ್ಲಾಟ್‌ಫಾರ್ಮಿನ ಮೇಲೆ. ಬಾಯಿ ಮುಚ್ಚಲು ಮಡಚುವ ಮುಚ್ಚಳವಿದ್ದರೆ ಒಳ್ಳೆಯದು, ಚೈನಿನ ಹಲ್ಲುಗಳ ಸಂದಿನಿಂದ ನೀರು ಇಳಿಯುತ್ತದೆ. ಚೈನು ಇರಲೇಬೇಕೆಂದರೆ ದೊಡ್ಡ ಹಲ್ಲಿನದನ್ನು ಆರಿಸಿ. ಸಾಮಾನ್ಯವಾಗಿ ಕೆಡುವುದು ಹಲ್ಲಲ್ಲ, ರನ್ನರ್. ಅದನ್ನು ಸ್ಟೇಷನ್ನಿನ ಹೊರಗೆ ಕೂತು ಕೊಡೆ, ಬ್ಯಾಗು ರಿಪೇರಿ ಮಾಡುವವರೇ ಬದಲಿಸಿಕೊಡುತ್ತಾರೆ. ಚರ್ಮದ ಪಟ್ಟಿಗಳು ನೋಡಲು ಚೆಂದ. ಆದರೆ ಜುಲೈ ಬರುವಷ್ಟರಲ್ಲಿ ಅವಕ್ಕೆ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಮುಂಬಯಿಗೆ ನೇಯ್ದ ಪಟ್ಟಿಯೇ ಸರಿ.

ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೆ ನಾಟಕಕ್ಕೋ ಉಪನ್ಯಾಸಕ್ಕೋ ಬರುವವರಿಗೆ ಧಾರಾವಿ ದೂರವಲ್ಲ. ಚರ್ಮ ಹೊಲಿಯುವ ಭಾರೀ ಯಂತ್ರಗಳು ಅಲ್ಲಿವೆ. ಸಿದ್ಧ ಚೀಲ ಒಪ್ಪದಿದ್ದರೆ ದಪ್ಪ ಕ್ಯಾನ್ವಾಸ್ ಕೊಟ್ಟು ಬೇಕಾದ ಅಳತೆಗೆ ಹೊಲಿಸಿಕೊಳ್ಳಬಹುದು, ಮೇಣವನ್ನು ಆಮೇಲೆ ನೀವೇ ಹಚ್ಚಬಹುದು. ನಾನಾದರೆ ಹಾಗೇ ಮಾಡುತ್ತೇನೆ. ಚೀಲದ ಹಿಂದಿನ ಬದಿ, ಹೆಗಲಪಟ್ಟಿಯ ಒಳಬದಿ ಎರಡಕ್ಕೂ ಮೇಣ ತಾಗಿಸದೆ ಬಿಡಬಹುದಲ್ಲ! ಹೊಸ ಮೇಣ ಬಿಳಿ ಅಂಗಿಗೆ ಗುರುತು ಬಿಡುತ್ತದೆ, ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲೇ ಆಫೀಸಿಗೆ ಹೋಗಬೇಕಾದವರು ಇದನ್ನು ಯೋಚಿಸಿಯೇ ಕೊಳ್ಳಿ. ಭಾರವೂ ನೈಲಾನಿಗಿಂತ ಹೆಚ್ಚು. ಹೆಗಲು ನೋವಿರುವವರಿಗೆ ನಾನು ಈ ಚೀಲವನ್ನು ಹೇಳಲಾರೆ.

ನೀರಿನ ವಿಷಯದಲ್ಲಿ ಭ್ರಮೆ ಬೇಡ. ಒದ್ದೆಯಾದಾಗ ಹತ್ತಿಯ ಎಳೆ ಉಬ್ಬಿ ಸಂದುಗಳನ್ನು ತಾನೇ ಮುಚ್ಚುತ್ತದೆ, ಮೇಲಿನ ಮೇಣ ಹನಿಗಳನ್ನು ಜಾರಿಸುತ್ತದೆ. ಸ್ಟೇಷನ್ನಿನಿಂದ ಆಫೀಸಿಗೆ ನಡೆಯುವಷ್ಟು ಮಳೆಗೆ ಇದು ಧಾರಾಳ. ಆದರೆ ಸೂಜಿ ತೂರಿದ ಪ್ರತಿ ತೂತೂ ನೀರಿಗೆ ಬಾಗಿಲೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಅಂಥ ಮಳೆಗೆ ಯಾವ ಕ್ಯಾನ್ವಾಸೂ ನಿಲ್ಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲ್ಯಾಪ್‌ಟಾಪಿಗೆ, ಕಾಗದಪತ್ರಕ್ಕೆ ಒಳಗೊಂದು ಪ್ಲಾಸ್ಟಿಕ್ ಹೊದಿಕೆ ಇರಲೇಬೇಕು.

ಈ ಚೀಲವನ್ನು ವಾಷಿಂಗ್ ಮಷೀನಿಗೆ ಹಾಕಲೇಬಾರದು. ಬಿಸಿನೀರು, ಸೋಪು, ಡ್ರೈಕ್ಲೀನಿಂಗ್ ಮೂರೂ ಮೇಣವನ್ನು ಕಿತ್ತುಹಾಕುತ್ತವೆ. ಕೆಸರಾದರೆ ಒಣಗಲು ಬಿಡಿ, ಬ್ರಷ್ಷಿನಿಂದ ಉದುರಿಸಿ, ಉಳಿದದ್ದನ್ನು ತಣ್ಣೀರಿನ ಬಟ್ಟೆಯಲ್ಲಿ ಒರೆಸಿ. ಮಡಿಕೆಗಳಲ್ಲಿ ಬಿಳಿ ಗೆರೆ ಕಂಡರೆ ಗಾಬರಿ ಬೇಡ. ಬೀಡಿನ ದೋಸೆಕಾವಲಿ ಪಳಗಿದಷ್ಟೂ ಒಳ್ಳೆಯದಾಗುವ ಹಾಗೆ ಈ ಬಟ್ಟೆಯೂ ಬಳಸಿದಷ್ಟೂ ಮೆದುವಾಗಿ ಮೈಗೆ ಒಗ್ಗುತ್ತದೆ.

ಮೇಣ ಹಚ್ಚಲು ಮೇ ತಿಂಗಳು ಹೇಳಿಮಾಡಿಸಿದ ಕಾಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಬಯಿಗೆ ಮಳೆ ಬರುವುದು ವಾಡಿಕೆಯಂತೆ ಜೂನ್ 11ಕ್ಕೆ, ಅದಕ್ಕೆ ಮೊದಲು ಮುಗಿಸಿ. ಬರೀ ಜೇನುಮೇಣ ಅಂಟಂಟು, ಬರೀ ಪ್ಯಾರಾಫಿನ್ ಬಿರುಸು, ಎರಡನ್ನೂ ಕೂಡಿಸುವುದು ಒಳ್ಳೆಯದು. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟರೆ ಆ ಬಿಸಿ ಧಾರಾಳ. ನೇರ ಉರಿಯ ಮೇಲಿಟ್ಟರೆ ಮೇಣಕ್ಕೆ ಬೆಂಕಿ ಹತ್ತೀತು. ಅಕಸ್ಮಾತ್ ಹತ್ತಿದರೆ ನೀರು ಸುರಿಯಬೇಡಿ, ಒಲೆ ಆರಿಸಿ ಮುಚ್ಚಳ ಮುಚ್ಚಿ. ಕರಗಿದ್ದನ್ನು ಅಚ್ಚಿಗೆ ಹೊಯ್ದು ಗಟ್ಟಿಯಾಗಿಸಿ, ಆ ತುಂಡನ್ನು ಒಣಗಿದ ಚೀಲದ ಮೇಲೆ ಬಳಪದಂತೆ ಉಜ್ಜಿ. ಹೊಲಿಗೆಗಳ ಮೇಲೆ ಎರಡು ಸಲ. ಆಮೇಲೆ ಹೇರ್ ಡ್ರೈಯರ್ ಹಿಡಿದರೆ ಮೇಣ ಕರಗಿ ಬಟ್ಟೆಯೊಳಗೆ ಇಳಿಯುತ್ತದೆ. ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ, ಒಂದೆರಡು ದಿನ ನೆರಳಲ್ಲಿ ತೂಗುಹಾಕಿ.

ರಜೆಗೆ ಮಂಗಳೂರು, ಉಡುಪಿಯ ಕಡೆ ಹೊರಡುವವರು ಚೀಲವನ್ನು ಮುಚ್ಚಿದ ಮನೆಯಲ್ಲಿ ಬಿಡುವುದಾದರೆ, ಪೂರ್ತಿ ಒಣಗಿಸಿ, ಖಾಲಿಮಾಡಿ, ಬಾಯಿ ತೆರೆದು ಗಾಳಿಯಾಡುವಲ್ಲಿ ತೂಗುಹಾಕಿ ಹೋಗಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರೆ ಬೂಷ್ಟಿಗೆ ಆಹ್ವಾನ ಕೊಟ್ಟಂತೆ, ಅದು ಹತ್ತಿಯನ್ನೇ ತಿಂದು ಬೆಳೆಯುತ್ತದೆ. ಬೂಷ್ಟು ಹಿಡಿದಿದ್ದರೆ ಮನೆಯೊಳಗೆ ಕೊಡವಬೇಡಿ, ಮೂಗಿಗೆ ಬಟ್ಟೆ ಕಟ್ಟಿ ಹೊರಗೆ ಬ್ರಷ್ ಮಾಡಿ. ನೀರು ಬೆರೆಸಿದ ಬಿಳಿ ವಿನೆಗರ್‌ನಿಂದ ಒರೆಸಿ, ಚೆನ್ನಾಗಿ ಒಣಗಿಸಿ. ಮೇಣ ಹೋದ ಅಷ್ಟು ಜಾಗಕ್ಕೆ ಮಾತ್ರ ಮತ್ತೆ ಹಚ್ಚಿದರೆ ಸಾಕು, ಇಡೀ ಚೀಲಕ್ಕೆ ಬೇಕಿಲ್ಲ.

ನಮಸ್ಕಾರ.