ಪೆನ್‌ಡ್ರೈವ್ ಹಿಡ್ಕೊಂಡು 40 ಕಂಪ್ಯೂಟರ್ ಸುತ್ತೋದು ಸಾಕು

ನಮಸ್ಕಾರ ಎಲ್ರಿಗೂ. ಇವತ್ತು ಲ್ಯಾಬ್ ನೋಡ್ಕೊಳ್ಳೋರ ಹತ್ರ ಮಾತಾಡ್ಬೇಕು, ಅದರಲ್ಲೂ ನಮ್ಮ ಬೆಂಗಳೂರಿನ ಕಾಲೇಜು ಲ್ಯಾಬ್‌ಗಳಲ್ಲಿ ರಜಾ ಬಂದ್ರೂ ರಜಾ ಸಿಗದೇ ಇರೋರ ಹತ್ರ.

ನಾನೂ ಅದೇ ಕೆಲಸ ಮಾಡಿದೋನು. ಒಂದ್ಸಲ ದಸರಾ ರಜೇಲಿ 40 ಸಿಸ್ಟಮ್‌ಗೆ ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಇನ್‌ಸ್ಟಾಲ್ ಮಾಡ್ಬೇಕಿತ್ತು, ಕೈಲಿ ಎರಡು ಪೆನ್‌ಡ್ರೈವ್, ಒಂದಕ್ಕೆ ಹಾಕು, ನೆಕ್ಸ್ಟ್ ಒತ್ತು, ಕೀಬೋರ್ಡ್ ಆರಿಸು, ಟೈಮ್‌ಝೋನ್ ಕೋಲ್ಕತ್ತಾ ಕೊಡು, ಪಾಸ್‌ವರ್ಡ್ ಹಾಕು, ಪಕ್ಕದ ಸಿಸ್ಟಮ್‌ಗೆ ಹೋಗು, ಮತ್ತೆ ಅದೇ ಕೋಲ್ಕತ್ತಾ. ಒಂದೇ ಪ್ರಶ್ನೆಗೆ 40 ಸಲ ಉತ್ತರ ಕೊಟ್ಟೆ, ಅದರಲ್ಲೂ ನಾಲ್ಕೈದು ಕಡೆ ತಪ್ಪಾಯ್ತು.

ಆಮೇಲೆ ಕ್ಲೋನಿಂಗ್ ಹಿಡ್ಕೊಂಡೆ, ಅಂದ್ರೆ ಒಂದು ಸಿಸ್ಟಮ್‌ನ ಡಿಸ್ಕನ್ನ ಹಾಗೇ ಬೇರೆ ಸಿಸ್ಟಮ್‌ಗಳಿಗೆ ಕಾಪಿ ಮಾಡೋದು. ಕ್ಲೋನ್‌ಝಿಲ್ಲಾ ಒಳ್ಳೇ ಟೂಲು, ಎಲ್ಲಾ ಮಷೀನು ಒಂದೇ ಮಾಡೆಲ್ ಇದ್ರೆ ಬೇಗ ಆಗುತ್ತೆ, ಆದ್ರೆ ಅದು ಜೆರಾಕ್ಸ್ ಇದ್ದಂಗೆ ಕಣ್ರೀ, ಮೂಲದಲ್ಲಿ ಏನಿದ್ಯೋ ಅದೇ ಬರುತ್ತೆ, ಹೋಸ್ಟ್‌ನೇಮ್ (ನೆಟ್‌ವರ್ಕಲ್ಲಿ ಮಷೀನಿನ ಹೆಸರು) ಅದೇ, ಮಷೀನ್ ಐಡಿ (ಅದರ ಗುರುತಿನ ಸಂಖ್ಯೆ) ಅದೇ, ದೂರದಿಂದ ಲಾಗಿನ್ ಆಗುವಾಗ ಮಷೀನನ್ನ ಗುರುತಿಸೋ ಎಸ್‌ಎಸ್‌ಎಚ್ ಕೀ ಕೂಡ ಅದೇ. ಕೆಲವು ಸೆಟಪ್‌ಗಳಲ್ಲಿ ಒಂದೇ ಮಷೀನ್ ಐಡಿ ಇರೋದ್ರಿಂದ ನೆಟ್‌ವರ್ಕ್ ವಿಳಾಸ (ಐಪಿ) ಹಂಚೋ ಡಿಎಚ್‌ಸಿಪಿ ಸರ್ವರ್ ಎರಡು ಮಷೀನಿಗೂ ಒಂದೇ ಐಪಿ ಕೊಟ್ಟುಬಿಡುತ್ತೆ, ಕಾರಣ ಹುಡುಕೋಕೆ ಅರ್ಧ ದಿನ ಹೋಗುತ್ತೆ. ವಿಂಡೋಸ್‌ನಲ್ಲಿ ಕಾಪಿ ಮಾಡೋ ಮುಂಚೆ ಇಂಥ ಗುರುತುಗಳನ್ನ ತೆಗೆಯೋ ಸಿಸ್‌ಪ್ರೆಪ್ ಅನ್ನೋ ಟೂಲು ಇರೋದೇ ಈ ತಾಪತ್ರಯಕ್ಕೆ.

ನನ್ನ ಅಭಿಪ್ರಾಯ ಇಷ್ಟೇ, ಡಿಸ್ಕ್ ಕಾಪಿ ಮಾಡ್ಬೇಡಿ, ಇನ್‌ಸ್ಟಾಲರ್ ಕೇಳೋ ಪ್ರಶ್ನೆಗಳ ಉತ್ತರಗಳನ್ನ ಒಂದು ಫೈಲಲ್ಲಿ ಬರೆದಿಡಿ. ಇದಕ್ಕೆ ಒಂದೊಂದು ಸಿಸ್ಟಮಲ್ಲಿ ಒಂದೊಂದು ಹೆಸರು: ಲಿನಕ್ಸ್‌ಗಳಲ್ಲಿ ರೆಡ್ ಹ್ಯಾಟ್, ಫೆಡೋರಾಗೆ ಕಿಕ್‌ಸ್ಟಾರ್ಟ್, ಡೆಬಿಯನ್‌ಗೆ ಪ್ರಿಸೀಡ್, ಉಬುಂಟು ಸರ್ವರ್‌ಗೆ 20.04 ಆವೃತ್ತಿಯಿಂದ ಆಟೋಇನ್‌ಸ್ಟಾಲ್, ವಿಂಡೋಸ್‌ಗೆ ಅನ್‌ಅಟೆಂಡ್ ಫೈಲ್. ಇದೇನು ಹೊಸದಲ್ಲ. ಜರ್ಮನಿಯ ಕಲೋನ್ ಯೂನಿವರ್ಸಿಟಿಯಲ್ಲಿ ಥಾಮಸ್ ಲಾಂಗೆ 1999ರಲ್ಲೇ ಎಫ್‌ಎಐ ಅನ್ನೋ ಟೂಲು ಶುರು ಮಾಡಿದ್ರು, ಪೂರ್ತಿ ತಾನೇ ಇನ್‌ಸ್ಟಾಲ್ ಆಗೋ ಥರ.

ಪೆನ್‌ಡ್ರೈವೂ ಬೇಡ. ಬಯಾಸ್‌ನಲ್ಲಿ (ಮಷೀನ್ ಆನ್ ಆದಾಗ ಮೊದಲು ಓಡೋ ಸೆಟಪ್ಪಲ್ಲಿ) ನೆಟ್‌ವರ್ಕ್ ಬೂಟ್ ಅಂತ ಇರುತ್ತಲ್ಲ, ಅದೇ ಪಿಎಕ್ಸ್‌ಇ, ಇಂಟೆಲ್‌ನೋರು ತಂದಿದ್ದು. ಮಷೀನ್ ಆನ್ ಆದ ತಕ್ಷಣ ಡಿಎಚ್‌ಸಿಪಿ ಹತ್ರ ಐಪಿ ಕೇಳುತ್ತೆ, ಜೊತೆಗೆ ಯಾವ ಸರ್ವರಿಂದ ಯಾವ ಫೈಲ್ ತಗೋಬೇಕು ಅಂತಾನೂ ಗೊತ್ತಾಗುತ್ತೆ, ಟಿಎಫ್‌ಟಿಪಿಲಿ (ನೆಟ್‌ವರ್ಕಲ್ಲಿ ಫೈಲ್ ಕಳಿಸೋ ಒಂದು ಸರಳ ವಿಧಾನ) ಸಿಸ್ಟಮ್ ಶುರು ಮಾಡೋ ಚಿಕ್ಕ ಬೂಟ್‌ಲೋಡರ್ ಬರುತ್ತೆ, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಬರುತ್ತೆ, ಇನ್‌ಸ್ಟಾಲರ್ ನಿಮ್ಮ ಉತ್ತರದ ಫೈಲ್ ಓದ್ಕೊಂಡು ಕೆಲಸ ಮುಗಿಸುತ್ತೆ. ಸರ್ವರ್‌ಗೆ ಒಂದು ಹಳೇ ಡೆಸ್ಕ್‌ಟಾಪ್ ಸಾಕು. ಮಷೀನುಗಳನ್ನ ಕೇಬಲ್‌ನಲ್ಲಿ ಸರ್ವರ್‌ಗೆ ಜೋಡಿಸೋ ನೆಟ್‌ವರ್ಕ್ ಸ್ವಿಚ್ ಬೇಕಾದ್ರೆ ಎಸ್‌ಪಿ ರೋಡಲ್ಲಿ ಸಿಗುತ್ತೆ.

ಒಂದು ವಿಷಯ ಮಾತ್ರ ಕೈ ಮುಗಿದು ಹೇಳ್ತೀನಿ. ಆ ಸ್ವಿಚ್ಚನ್ನ ಕಾಲೇಜಿನ ಮೇನ್ ನೆಟ್‌ವರ್ಕ್‌ಗೆ ಸೇರಿಸ್ಬೇಡಿ. ಉತ್ತರದ ಫೈಲಲ್ಲಿ ಡಿಸ್ಕ್ ಪೂರ್ತಿ ಅಳಿಸು ಅಂತ ಬರೆದಿರ್ತೀವಿ, ಅದು ಯಾರನ್ನೂ ಕೇಳಲ್ಲ. ಆಫೀಸಲ್ಲಿ ಯಾರದ್ದೋ ಮಷೀನು ನೆಟ್‌ವರ್ಕಿಂದ ಬೂಟ್ ಆಗೋ ಸೆಟ್ಟಿಂಗಲ್ಲಿ ಇದ್ದು, ಅದಕ್ಕೆ ನಿಮ್ಮ ಸರ್ವರ್ ಸಿಕ್ಕಿಬಿಟ್ರೆ ಅಡ್ಮಿಷನ್ ಲೆಕ್ಕವೆಲ್ಲ ಹೋಯ್ತು. ಮೊದಲು ವರ್ಚುಯಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸೋ ಸಾಫ್ಟ್‌ವೇರ್) ಹತ್ತು ಸಲ ಓಡಿಸಿ ನೋಡಿ, ಆಮೇಲೆ ನಿಜವಾದ ಮಷೀನ್.

ಆಮೇಲೆ ಆ ಉತ್ತರದ ಫೈಲಿನ ಕೊನೇಲಿ ಇನ್‌ಸ್ಟಾಲ್ ಆದ್ಮೇಲೆ ಓಡೋ ಕಮಾಂಡ್‌ಗೆ ಜಾಗ ಇರುತ್ತೆ. ಅಲ್ಲಿ ಗುಬ್ಬಿ, ನವಿಲು ಅನ್ನೋ ಕನ್ನಡ ಫಾಂಟು, ಕನ್ನಡ ಟೈಪ್ ಮಾಡೋ ಕೆಜಿಪಿ ಕೀಬೋರ್ಡ್ ಲೇಔಟು ಹಾಕೋ ಸಾಲುಗಳನ್ನ ಸೇರಿಸಿಬಿಡಿ. ಲ್ಯಾಬಲ್ಲಿ ಕನ್ನಡ ಟೈಪ್ ಆಗಲ್ಲ ಸರ್ ಅಂತ ಹುಡುಗ್ರು ಬಂದು ನಿಲ್ಲೋದನ್ನ ನಾನು ತುಂಬಾ ನೋಡಿದ್ದೀನಿ, ಒಂದ್ಸಲ ಬರೆದ್ರೆ 40 ಸಿಸ್ಟಮಲ್ಲೂ ಮೊದಲ ದಿನವೇ ಕನ್ನಡ ಇರುತ್ತೆ.