ಮಾಳಿಗೆ ಮೇಲೆ ಗಿಟಾರು

ಕೇಳುಗರಿಗೆ ನಮಸ್ಕಾರ.

ಧಾರವಾಡ ಸೀಮೆಯಲ್ಲಿ ಮಣ್ಣಿನ ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಮಳೆಗಾಲದ ರಾತ್ರಿ ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಕತ್ತಲಲ್ಲಿ ಎಲ್ಲೋ ಟಪ್ ಅಂತ ಹನಿ ಬೀಳುತ್ತಿತ್ತು. ಅವ್ವ ಎದ್ದು ಕೊಡ ಇಡುತ್ತಿದ್ದಳು. ಇನ್ನೊಂದು ಮೂಲೆಯಲ್ಲಿ ಟಪ್, ಅಲ್ಲಿಗೆ ಪರಾತ. ಅಪ್ಪ ಮಾತ್ರ "ಬೆಳಗಾಗ್ಲಿ, ಮಣ್ಣು ಹಾಕ್ಸೂಣು" ಅಂತ ಮಗ್ಗಲು ಬದಲಿಸುತ್ತಿದ್ದ. ಶಿಗ್ಗಾಂವಿ ತಾಲೂಕಿನ ಶಿಶುನಾಳ ಶರೀಫರು ಮನೆಯ ಮಾಳಿಗೆ ಸೋರುತ್ತಿದೆ, ಈ ಕತ್ತಲಲ್ಲಿ ಮೇಲೆ ಹತ್ತಲಾರೆ ಅಂತ ಹಾಡಿದ್ದು ನಮಗೆ ಮೊದಲು ಅರ್ಥವಾಗಿದ್ದು ಹೀಗೆ. ತತ್ವ ಗಿತ್ವ ಎಲ್ಲ ಆಮೇಲೆ.

ಆ ಪದವನ್ನು ಗಿಟಾರ್ ಜೊತೆ ಹಾಡಿದವರು ರಘು ದೀಕ್ಷಿತ್. ಹುಟ್ಟಿದ್ದು 1974ರಲ್ಲಿ ನಾಸಿಕ್‌ನಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಸೂಕ್ಷ್ಮಜೀವಿ ವಿಜ್ಞಾನ, ಅದೂ ಚಿನ್ನದ ಪದಕದೊಂದಿಗೆ. ಕಲಿತದ್ದು ಭರತನಾಟ್ಯ. ಗಿಟಾರ್ ಹಿಡಿದದ್ದು ಮಾತ್ರ ಹಟಕ್ಕೆ ಬಿದ್ದು. ಗಂಡು ಹುಡುಗ ಕುಣಿಯೋದೇ ಅಂತ ಕಾಲೇಜಿನಲ್ಲಿ ಗೆಳೆಯನೊಬ್ಬ ಕೆಣಕಿದ್ದನಂತೆ. ಗೆಜ್ಜೆಯನ್ನೇನೂ ಅವರು ಬಿಡಲಿಲ್ಲ. ಇವತ್ತಿಗೂ ವೇದಿಕೆ ಮೇಲೆ ಲುಂಗಿ, ಕಾಲಿಗೆ ಗೆಜ್ಜೆ, ಕೊರಳಿಗೆ ಗಿಟಾರ್!

2008ರಲ್ಲಿ ಮೊದಲ ಆಲ್ಬಮ್ ಬಂತು. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಅದರಲ್ಲಿದ್ದವು. ಕನ್ನಡದ ಪಾಲಿಗೆ ಶರೀಫರ ಎರಡು ಪದಗಳು, ಈ ಮಾಳಿಗೆಯದು ಮತ್ತು ಗುಡುಗುಡಿಯದು, ಅಂದರೆ ಹುಕ್ಕಾದ್ದು. ಅದೇ ವರ್ಷ 'ಸೈಕೋ' ಸಿನಿಮಾಕ್ಕೆ ಸಂಗೀತ ಕೊಟ್ಟರು. 2020ರ 'ಲವ್ ಮಾಕ್‌ಟೇಲ್'ಗೂ ಅವರದೇ ಸಂಗೀತ. ನಡುವೆ 2010ರಲ್ಲಿ ಬಿಬಿಸಿ ಟಿವಿಯಲ್ಲಿ ಹಾಡಿದರು. ಮರುವರ್ಷ ಬ್ರಿಟನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆ ಅವರಿಗೆ ಹೊಸಬರ ಪ್ರಶಸ್ತಿ ಕೊಟ್ಟಿತು. ಮೂವತ್ತಾರು ವರ್ಷದ ಹೊಸಬ!

ನಮ್ಮ ಕಡೆ ಭಜನೆಯಲ್ಲಿ ಏಕತಾರಿ ಒಂದೇ ಸುರ ಹಿಡಿದು ಕೂತಿರುತ್ತದೆ. ದಮ್ಮಡಿ, ತಾಳ ಪದವನ್ನು ಮುಂದೆ ತಳ್ಳುತ್ತವೆ. ಗಿಟಾರ್ ಹಾಗೆ ಸುಮ್ನೆ ಕೂರುವುದಿಲ್ಲ. ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು, ಬದಲಾದ ಹಾಗೆಲ್ಲ ಸಾಲಿನ ಕೆಳಗಿನ ನೆಲವೇ ಸರಿಯುತ್ತದೆ. ಇದರಿಂದ ಪದ ಕೆಡುತ್ತದೆ ಅನ್ನುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಗುಡುಗುಡಿಗೆ ಆ ಓಟ ಚೆನ್ನಾಗಿಯೇ ಒಪ್ಪುತ್ತದೆ. ಮಾಳಿಗೆ ಪದಕ್ಕೆ ಮಾತ್ರ ಏಕತಾರಿಯೇ ಸಾಕಿತ್ತೇನೋ ಅಂತ ಒಮ್ಮೊಮ್ಮೆ ಅನುಮಾನ.

ಮೊನ್ನೆ ಅವ್ವನಿಗೆ ಮೊಬೈಲಿನಲ್ಲಿ ಹಾಕಿ ಕೇಳಿಸಿದೆ. ಸೊಪ್ಪು ಸೋಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು.

"ಛಲೋ ಹಾಡ್ಯಾನ. ಖರೇ ಅಂದ್ರ ಇಂವಾ ಮಾಳಿಗಿ ಬುಡಕ ಪರಾತ ಇಟ್ಟಾಂವಲ್ಲ ಬಿಡು."

ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಸ್ವಲ್ಪ ಹೊತ್ತಿಗೆ ಅದೇ ಪದ ಗುನುಗುತ್ತಿದ್ದಳು, ರಘು ಹಾಡಿದ ಧಾಟಿಯಲ್ಲೇ.