ನೀರಿನ ಎರಡು ಹೆಸರು

ಕೇಳುಗರೇ, ನಮಸ್ಕಾರ.

ಹೊಳೆ ದಡ ಮೀರಿ ಹೊಲಕ್ಕೆ ಬಂದರೆ ನಾವು ಅದನ್ನು ನೆರೆ ಎನ್ನುತ್ತೇವೆ. ನೀರು ಮೊಣಕಾಲಷ್ಟು ಬಂದರೂ ನೆರೆಯೇ, ಮಾಡು ಮುಳುಗಿದರೂ ನೆರೆಯೇ. ಬಾಂಗ್ಲಾದೇಶದ ರೈತರ ಮಾತಿನಲ್ಲಿ ಇದಕ್ಕೆ ಎರಡು ಹೆಸರುಗಳಿವೆ. ಕಾಲಕ್ಕೆ ಸರಿಯಾಗಿ ಬಂದು, ಗದ್ದೆ ತುಂಬಿ, ಹೂಳನ್ನು ಉಳಿಸಿ ಹಿಂದೆ ಸರಿಯುವ ನೀರು ‘ಬೊರ್ಷಾ’. ನಮ್ಮ ವರ್ಷಧಾರೆಯಲ್ಲಿರುವ ‘ವರ್ಷ’ವೇ ಅದು. ಅಕಾಲದಲ್ಲಿ ಬಂದು, ಇಲ್ಲವೇ ಅಳತೆ ಮೀರಿ ನಿಂತು, ಪೈರನ್ನೂ ಮನೆಯನ್ನೂ ಕೆಡಿಸುವ ನೀರು ‘ಬೊನ್ನಾ’. ಆ ನಾಡಿನ ಬದುಕಿನ ಬಗ್ಗೆ ಇಂದು ನಾನು ಹೇಳಬೇಕೆಂದಿರುವುದೆಲ್ಲ ಈ ಎರಡು ಮಾತುಗಳ ನಡುವೆಯೇ ಇದೆ.

ಗಂಗೆ ಅಲ್ಲಿ ಪದ್ಮಾ ಎನಿಸಿಕೊಳ್ಳುತ್ತದೆ, ಬ್ರಹ್ಮಪುತ್ರ ಜಮುನಾ ಎನಿಸಿಕೊಳ್ಳುತ್ತದೆ. ಇವೆರಡೂ ಕೂಡಿ, ಮುಂದೆ ಮೇಘನಾ ನದಿಯನ್ನು ಸೇರಿ ಬಂಗಾಳ ಕೊಲ್ಲಿಗೆ ಇಳಿಯುತ್ತವೆ. ಈ ನದಿಗಳು ವರ್ಷಕ್ಕೆ ಸುಮಾರು 100 ಕೋಟಿ ಟನ್ ಹೂಳನ್ನು ಹೊತ್ತು ತರುತ್ತವೆ. ದೇಶದ ಬಹುಪಾಲು ನೆಲ ಹೀಗೆ ನೀರು ತಂದು ಹಾಕಿದ ಮಣ್ಣೇ. ಸಾಮಾನ್ಯ ವರ್ಷದಲ್ಲಿಯೂ ದೇಶದ ಐದರಲ್ಲಿ ಒಂದು ಪಾಲು ಮುಳುಗುತ್ತದೆ. 1998ರ ಬೊನ್ನಾದಲ್ಲಿ ಮೂರರಲ್ಲಿ ಎರಡು ಪಾಲು ಮುಳುಗಿ, ನೀರು ಎರಡು ತಿಂಗಳಿಗೂ ಮೀರಿ ನಿಂತಿತ್ತು.

ಆದ್ದರಿಂದ ಅಲ್ಲಿ ಮನೆ ಕಟ್ಟುವವರು ಮೊದಲು ನೆಲವನ್ನು ಕಟ್ಟಿಕೊಳ್ಳಬೇಕು. ಪಕ್ಕದಲ್ಲೇ ಗುಂಡಿ ತೋಡಿ, ಆ ಮಣ್ಣನ್ನು ಎತ್ತರಕ್ಕೆ ಒಟ್ಟಿ, ಅದರ ಮೇಲೆ ಮನೆ ನಿಲ್ಲಿಸುತ್ತಾರೆ. ಈ ದಿಬ್ಬಕ್ಕೆ ‘ಭಿಟೆ’ ಎಂದು ಹೆಸರು. ತೋಡಿದ ಗುಂಡಿ ನೀರು ತುಂಬಿ ‘ಪುಕುರ್’ ಆಗುತ್ತದೆ, ಸ್ನಾನಕ್ಕೂ ಮೀನಿಗೂ ಒದಗುತ್ತದೆ. ನದಿಯ ನಡುವೆ ಏಳುವ ‘ಚರ್’ ಎಂಬ ಮರಳುದಿಣ್ಣೆಗಳಲ್ಲಿ ಈ ಭರವಸೆಯೂ ಇಲ್ಲ. ದಡ ಕುಸಿಯತೊಡಗಿದರೆ ಅಲ್ಲಿನವರು ತಗಡಿನ ಗೋಡೆ, ಮಾಡು, ಬಿದಿರಿನ ಕಂಬಗಳನ್ನು ಬಿಚ್ಚಿ ದೋಣಿಗೆ ಹೇರಿಕೊಂಡು ಬೇರೆ ಚರ್‌ಗೆ ಹೋಗುತ್ತಾರೆ. ಒಂದೇ ಜೀವಮಾನದಲ್ಲಿ ಹಲವು ಸಲ ಹೀಗೆ ಮನೆ ಕಿತ್ತು ಕಟ್ಟಿದವರಿದ್ದಾರೆ. ಇದನ್ನು ಸಾಹಸವೆಂದು ಹೊಗಳಲು ನನಗೆ ಮನಸ್ಸಾಗುವುದಿಲ್ಲ, ಏಕೆಂದರೆ ಹೀಗೆ ಹೊರಟವರಲ್ಲಿ ಎಷ್ಟೋ ಮಂದಿ ಕೊನೆಗೆ ಢಾಕಾದ ಕೊಳೆಗೇರಿಗಳನ್ನು ಸೇರುತ್ತಾರೆ.

ನೀರಿನೊಡನೆ ಬಾಳುವ ಜಾಣ್ಮೆಯನ್ನು ಕಾಣಬೇಕಾದರೆ ಪಿರೋಜ್‌ಪುರ ಜಿಲ್ಲೆಯ ನಾಜಿರ್‌ಪುರದ ಕಡೆಗೆ ಹೋಗಬೇಕು. ಅಲ್ಲಿನ ತಗ್ಗು ನೆಲದಲ್ಲಿ ನೀರು ತಿಂಗಳುಗಟ್ಟಲೆ ನಿಲ್ಲುತ್ತದೆ; ನಾವು ಅಂತರಗಂಗೆ ಎಂದು ಕರೆಯುವ ತೇಲುಗಳೆ ದಟ್ಟವಾಗಿ ಹಬ್ಬುತ್ತದೆ. ದಕ್ಷಿಣ ಅಮೆರಿಕದಿಂದ ಬಂದ ಈ ಕಳೆಯ ಕಾಟ ತಾಳಲಾರದೆ 1936ರಲ್ಲಿ ಬಂಗಾಳದಲ್ಲಿ ಅದರ ವಿರುದ್ಧ ಕಾನೂನನ್ನೇ ಮಾಡಬೇಕಾಯಿತು. ನಾಜಿರ್‌ಪುರದ ರೈತರು ಅದೇ ಕಳೆಯನ್ನು ಪದರ ಪದರವಾಗಿ ಒಟ್ಟಿ, ತುಳಿದು, ಉದ್ದನೆಯ ತೇಲುವ ಮಡಿಗಳನ್ನು ಮಾಡುತ್ತಾರೆ. ಅವುಗಳಿಗೆ ‘ಧಾಪ್’ ಎನ್ನುತ್ತಾರೆ. ಕೊಳೆತ ಕಳೆಯನ್ನು ಉಂಡೆ ಕಟ್ಟಿ, ಒಳಗೆ ಬೀಜವಿಟ್ಟು ಮೊಳಕೆ ಬರಿಸುವ ಕೆಲಸ ಹೆಚ್ಚಾಗಿ ಹೆಂಗಸರದು. ದೋಣಿಯಲ್ಲಿ ಹೋಗಿ ಆ ಉಂಡೆಗಳನ್ನು ಮಡಿಯ ಮೇಲೆ ಸಾಲಾಗಿ ಇಡುವವರು ಗಂಡಸರು. ಸೋರೆ, ಕುಂಬಳ, ಬೆಂಡೆ ಹೀಗೆ ನೀರಿನ ಮೇಲೆಯೇ ಬೆಳೆಯುತ್ತವೆ. ನೀರು ಏರಿದರೆ ತೋಟವೂ ಏರುತ್ತದೆ. ಚಳಿಗಾಲದಲ್ಲಿ ನೀರು ಇಳಿದಾಗ ಮಡಿಯನ್ನು ಒಡೆದು ಹೊಲಕ್ಕೆ ಗೊಬ್ಬರವಾಗಿ ಹರಡುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2015ರಲ್ಲಿ ಈ ಪದ್ಧತಿಯನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆ ಎಂದು ಮಾನ್ಯ ಮಾಡಿತು.

ಈ ಅರಿವನ್ನು ಬದಿಗೆ ಸರಿಸಿದ ಕಾಲವೂ ಒಂದಿತ್ತು. ಹಿಂದೆ ಖುಲ್ನಾ ಸುತ್ತಿನ ಕರಾವಳಿಯಲ್ಲಿ ರೈತರು ವರ್ಷದಲ್ಲಿ ಎಂಟು ತಿಂಗಳ ಮಟ್ಟಿಗೆ ಮಣ್ಣಿನ ಒಡ್ಡುಗಳನ್ನು ಕಟ್ಟಿ ಉಪ್ಪುನೀರನ್ನು ತಡೆಯುತ್ತಿದ್ದರು. ಮಳೆಗಾಲದಲ್ಲಿ ಒಡ್ಡು ತೆರೆದು ಹೂಳನ್ನು ಗದ್ದೆಗೆ ಬಿಟ್ಟುಕೊಳ್ಳುತ್ತಿದ್ದರು. 1960ರ ದಶಕದಲ್ಲಿ ಶಾಶ್ವತ ಏರಿಗಳು ಬಂದವು. ಮೊದಮೊದಲು ಇಳುವರಿ ಹೆಚ್ಚಿತು. ಆದರೆ ಒಳಗೆ ಬರಲಾರದ ಹೂಳು ನದಿಯ ಪಾತ್ರದಲ್ಲೇ ಕುಳಿತು, ನದಿ ಎತ್ತರವಾಗಿ ಹೊಲ ತಗ್ಗಾಯಿತು, ಒಳಗಿನ ಮಳೆನೀರಿಗೆ ಹೊರದಾರಿಯೇ ಇಲ್ಲದಾಯಿತು. 1990ರಲ್ಲಿ ಅಲ್ಲಿನ ಡಾಕಾತಿಯಾ ಬೀಲ್ ಎಂಬ ನೀರು ನಿಲ್ಲುವ ತಗ್ಗು ಪ್ರದೇಶದ ಜನ ತಾವೇ ಏರಿಯನ್ನು ಕಡಿದು ಉಬ್ಬರದ ನೀರನ್ನು ಒಳಗೆ ಬಿಟ್ಟರು. ಅವರು ಹಾಗೆ ಮಾಡಿದ್ದು ಸರಿ ಎಂದೇ ನಾನು ಭಾವಿಸುತ್ತೇನೆ. ಮುಂದೆ ಎಂಜಿನಿಯರುಗಳೂ ಇದೇ ಕ್ರಮವನ್ನು ತಮ್ಮ ಯೋಜನೆಗಳಿಗೆ ತಂದುಕೊಂಡರು.

ಸಮುದ್ರದ ನೀರಿನ ಮಾತೇ ಬೇರೆ. 1970ರ ನವೆಂಬರ್ 12ರ ರಾತ್ರಿ ಭೋಲಾ ಚಂಡಮಾರುತ ಎಬ್ಬಿಸಿದ ಅಲೆಯಲ್ಲಿ ಕನಿಷ್ಠ 3 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಆ ದುಃಖದ ಬಳಿಕ ರೂಪುಗೊಂಡ ಮುನ್ನೆಚ್ಚರಿಕೆ ವ್ಯವಸ್ಥೆಯಲ್ಲಿ ಇಂದು ಸುಮಾರು 76 ಸಾವಿರ ಸ್ವಯಂಸೇವಕರಿದ್ದಾರೆ, ಅವರಲ್ಲಿ ಅರ್ಧದಷ್ಟು ಮಂದಿ ಮಹಿಳೆಯರು. ರೇಡಿಯೋದಲ್ಲಿ ಎಚ್ಚರಿಕೆ ಬಂದೊಡನೆ ಅವರು ಬಾವುಟ ಏರಿಸಿ, ಕೈಯಲ್ಲಿ ತಿರುಗಿಸುವ ಸೈರನ್ ಊದಿಸುತ್ತಾ ಮನೆ ಮನೆಗೆ ಹೋಗುತ್ತಾರೆ. ಅಪಾಯ ಹೆಚ್ಚಿದಂತೆ ಬಾವುಟಗಳು ಒಂದರಿಂದ ಮೂರಕ್ಕೇರುತ್ತವೆ. ಹಸುವನ್ನು ಬಿಟ್ಟು ಬರಲು ಒಪ್ಪದೆ ಮನೆಯಲ್ಲೇ ಉಳಿದವರು ಎಷ್ಟೋ ಮಂದಿ. ಅದಕ್ಕಾಗಿಯೇ ಕರಾವಳಿಯಲ್ಲಿ ‘ಕಿಲ್ಲಾ’ ಎಂಬ ಎತ್ತರದ ಮಣ್ಣಿನ ದಿಬ್ಬಗಳನ್ನು ಕಟ್ಟಿದ್ದಾರೆ. ಭಿಟೆಯನ್ನು ಎತ್ತರಿಸಿದ ಹಾಗೆಯೇ ಮಣ್ಣು ಒಟ್ಟಿ ಎಬ್ಬಿಸಿದ ಆ ದಿಬ್ಬಗಳಿಗೆ, ಮೂರನೆಯ ಬಾವುಟ ಏರುವ ಮೊದಲೇ, ಜನ ತಮ್ಮ ದನಗಳನ್ನು ಹೊಡೆದುಕೊಂಡು ಹೋಗುತ್ತಾರೆ.

ನಮಸ್ಕಾರ.